ಹನ್ನೆರಡು ಗಾಲಿ

ಹೋದ ದೀಪಾವಳಿ ಸೂಟಿಯಲ್ಲಿ ತಂಗಿಯ ಮಗನನ್ನು ಹುಬ್ಬಳ್ಳಿಯ ರೈಲು ಮ್ಯೂಸಿಯಮ್ಮಿಗೆ ಕರೆದುಕೊಂಡು ಹೋಗಿದ್ದೆ. 2020ರಲ್ಲಿ ತೆರೆದದ್ದು. ಅಲ್ಲಿನ ಎರಡು ಹಳೇ ಕಾಟೇಜುಗಳಿಗೆ ಮಲಪ್ರಭಾ, ಘಟಪ್ರಭಾ ಎಂದು ಹೆಸರು. ನಾನು ಘಟಪ್ರಭೆಯ ದಂಡೆಯವನು, ಹೆಸರು ನೋಡಿಯೇ ಅರ್ಧ ಹಿಗ್ಗಿದ್ದೆ. ಹುಡುಗನಿಗೆ ಅದೆಲ್ಲ ಬೇಕಾಗಿರಲಿಲ್ಲ. ಸುತ್ತು ಹಾಕುವ ಪುಟ್ಟ ಮಾದರಿ ರೈಲಿನ ಮುಂದೆ ಹೋಗಿ ಕೂತವನು ಏಳಲೇ ಇಲ್ಲ. ಎಂಜಿನ್ ಎದುರಿಗೆ ಬಂದಾಗ ಗಾಲಿ ಎಣಿಸಲು ಶುರುಮಾಡುತ್ತಿದ್ದ, ಎಣಿಕೆ ಮುಗಿಯುವುದರೊಳಗೆ ಅದು ತಿರುವಿನಲ್ಲಿ ಮರೆಯಾಗುತ್ತಿತ್ತು. "ಒಂದ, ಎರಡ, ಮೂರ... ಏ, ಹೋತು." ಮತ್ತೆ ಮೊದಲಿಂದ. ಹತ್ತು ಸಲವಾದರೂ ಆಗಿರಬೇಕು. ನಾನು ಗೋಡೆಗೆ ಒರಗಿ ನಿಂತುಬಿಟ್ಟೆ. ಗಾಲಿ ಎಣಿಸುವುದು ನನ್ನ ಹಳೇ ಚಟ. ಆ ಚಟಕ್ಕೆ ಒಬ್ಬ ಮನುಷ್ಯನ ಮೋರೆ ಸಣ್ಣದಾದದ್ದನ್ನು ನಲವತ್ತು ವರ್ಷ ನಾನು ಯಾರಿಗೂ ಹೇಳಿಲ್ಲ.

ನಮ್ಮೂರು ಧುಪದಾಳ. ಅಪ್ಪ ನೀರಾವರಿ ಖಾತೆಯಲ್ಲಿದ್ದರು. ಬ್ರಿಟಿಷರ ಕಾಲದ ಒಡ್ಡು, ಅದರ ಮೇಲಿಂದ ಮಳೆಗಾಲದಲ್ಲಿ ಬಿಳೀ ಪರದೆಯಂತೆ ಇಳಿಯುವ ಹೊಳೆ, ಒಡ್ಡಿನ ಬಗಲಿನಿಂದ ಹೊರಟು ಕಬ್ಬಿನ ಹೊಲಗಳ ಕಡೆ ನಡೆಯುವ ಕಾಲುವೆ, ಇವುಗಳ ನಡುವೆ ನಮ್ಮ ಕ್ವಾರ್ಟರ್ಸು. 1974ರಲ್ಲೇ ಇಲ್ಲಿನ ಹಿನ್ನೀರನ್ನು ಪಕ್ಷಿಧಾಮ ಮಾಡಿದ್ದರೂ ನಮಗೆ ಅದರ ಅರಿವಿರಲಿಲ್ಲ. ಚಳಿಗಾಲದಲ್ಲಿ ಬೂದು ಬಣ್ಣದ ಕರಕರ ಕೊಕ್ಕರೆಗಳು ಹಿಂಡುಹಿಂಡಾಗಿ ಇಳಿಯುತ್ತವೆ, ಹೊಲದಲ್ಲಿ ಕಡಲೆ ತಿಂದುಹಾಕುತ್ತವೆ ಎಂದು ರೈತರು ಬೈಯುತ್ತಾರೆ, ಗೊತ್ತಿದ್ದದ್ದು ಇಷ್ಟೇ. ಅವು ಮಧ್ಯ ಏಷ್ಯಾದಿಂದ ಬರುತ್ತವೆ ಎಂದು ಆಗ ಯಾರಾದರೂ ಹೇಳಿದ್ದರೆ ನಾನು ಕೇಳುತ್ತಿದ್ದ ಪ್ರಶ್ನೆ ಒಂದೇ: ರೈಲಿನಲ್ಲಿ ಬರಬಹುದಿತ್ತಲ್ಲ?

ಊರು ಧುಪದಾಳವಾದರೂ ಟಿಕೇಟಿನ ಮೇಲೆ ಇರುತ್ತಿದ್ದದ್ದು ಘಟಪ್ರಭಾ. 19ನೇ ಶತಮಾನದ ಕೊನೆಗೆ ಸದರ್ನ್ ಮರಾಠಾ ರೈಲ್ವೆ ಹಾಕಿದ ಮೀಟರ್ ಗೇಜ್ ಹಳಿ ಅದು. ಒಂದು ಹಳಿಗೂ ಇನ್ನೊಂದಕ್ಕೂ ನಡುವೆ ಸರಿಯಾಗಿ 1000 ಮಿಲಿಮೀಟರ್. ದಕ್ಷಿಣಕ್ಕೆ ಹೊಳೆಯ ಸೇತುವೆ ದಾಟಿದರೆ ಗೋಕಾಕ ರೋಡ್, ಪಾಚ್ಛಾಪುರ, ಸುಳೇಭಾವಿ, ಬೆಳಗಾವಿ. ಉತ್ತರಕ್ಕೆ ಚಿಕ್ಕೋಡಿ ರೋಡ್, ರಾಯಬಾಗ, ಕುಡಚಿ, ಕೃಷ್ಣಾ ನದಿ ದಾಟಿ ಉಗಾರ, ಕೊನೆಗೆ ಮೀರಜ. ಮೀರಜದಾಚೆಗೆ ಪುಣೆಯ ತನಕ 1971ರಲ್ಲೇ ಬ್ರಾಡ್ ಗೇಜ್ ಬಂದಿತ್ತು. ಆದ್ದರಿಂದ ಪುಣೆಗೆ ಹೋಗುವವರು ಮೀರಜದಲ್ಲಿ ಇಳಿದು ಟ್ರಂಕು, ಹಾಸಿಗೆ, ಮಕ್ಕಳನ್ನೆಲ್ಲ ಹೊತ್ತುಕೊಂಡು "ದೊಡ್ಡ ಗಾಡಿ"ಗೆ ಓಡಬೇಕು. ದೊಡ್ಡ ಗಾಡಿ, ಸಣ್ಣ ಗಾಡಿ ಎಂಬ ಭೇದ ನಮಗೆ ಬಡವ ಶ್ರೀಮಂತರ ಭೇದದಷ್ಟೇ ಸ್ಪಷ್ಟವಾಗಿತ್ತು. ನಮ್ಮದು ಸಣ್ಣ ಗಾಡಿ. ಆದರೆ ಆ ಸಣ್ಣ ಗಾಡಿಗೂ ಡೀಜಲ್ ಎಂಜಿನ್ ಬಂದಿತ್ತು. ನನ್ನ ಅಭಿಮಾನವೆಲ್ಲ ಅಲ್ಲಿ.

1985ರ ಸುಮಾರಿಗೆ ಉಗಿ ಎಂಜಿನ್ನೂ ಬರುತ್ತಿತ್ತು, ಡೀಜಲ್ಲೂ ಬರುತ್ತಿತ್ತು. ನಮ್ಮ ಬಗಲಿನ ಓಣಿಯಲ್ಲಿ ಒಬ್ಬ ಪಾಯಿಂಟ್ಸಮನ್ ಕಾಕಾ ಇದ್ದ. ಅವನ ಡ್ಯೂಟಿ ಇದ್ದ ದಿನ ಸೈಕಲ್ಲಿನ ಹಿಂದೆ ಕೂತು ಸ್ಟೇಶನ್ನಿಗೆ ಹೋಗಲು ನನಗೆ ಪರವಾನಗಿ ಇತ್ತು. ದೊಡ್ಡವರು ಉಗಿ ಎಂಜಿನ್ ನೋಡಿ ನಿಟ್ಟುಸಿರು ಬಿಡುತ್ತಿದ್ದರು. ನನಗೆ ಅದು ಅಜ್ಜಂದಿರ ವಸ್ತು ಎನ್ನಿಸುತ್ತಿತ್ತು, ಕೆಮ್ಮುವುದು, ನೀರು ಕುಡಿಯುವುದು, ಬೂದಿ ಚೆಲ್ಲುವುದು. ಡೀಜಲ್ ಹಾಗಲ್ಲ. ನಿಂತಲ್ಲೇ ಗುಡುಗುಡು ಎನ್ನುತ್ತ, ಪ್ಲಾಟ್‌ಫಾರ್ಮಿನ ಕಲ್ಲಿನ ಮೂಲಕ ಅಂಗಾಲಿಗೆ ನಡುಕ ಕಳಿಸುತ್ತ ಇರುತ್ತಿತ್ತು. ಗಾರ್ಡ್ ಹಸಿರು ನಿಶಾನೆ ತೋರಿಸಿದ ಮೇಲೆ ಒಂದು ಕ್ಷಣ ಏನೂ ಆಗುತ್ತಿರಲಿಲ್ಲ, ಆಮೇಲೆ ಒಮ್ಮೆಲೇ ಕರೀ ಹೊಗೆಯ ಕಂಬ. ಕಾಕಾ ಕೋಲಿಗೆ ಟೋಕನ್ ಬಳೆ ಸಿಕ್ಕಿಸಿ ಎತ್ತಿ ಹಿಡಿಯುತ್ತಿದ್ದ, ನಿಲ್ಲದೆ ಹೋಗುವ ಗಾಡಿಯ ಸಹಾಯಕ ಡ್ರೈವರ್ ತೋಳು ಚಾಚಿ ಅದನ್ನು ಎಗರಿಸಿಕೊಳ್ಳುತ್ತಿದ್ದ. ಒಂಟಿ ಹಳಿಯ ಮೇಲೆ ಎದುರಿನಿಂದ ಇನ್ನೊಂದು ಗಾಡಿ ಬರುವುದಿಲ್ಲ ಎಂಬುದಕ್ಕೆ ಆ ಬಳೆಯ ಚೀಲದೊಳಗಿನ ಕಬ್ಬಿಣದ ಚೆಂಡೇ ಜಾಮೀನು. ಸರ್ಕಸ್ಸಿನವರೂ ಅಷ್ಟು ಸಲೀಸಾಗಿ ಮಾಡುತ್ತಿರಲಿಲ್ಲ ಬಿಡಿ.

ಆ ಎಂಜಿನ್ನಿನ ಹೆಸರು ವೈಡಿಎಂ-4 ಎಂದು ಗೊತ್ತಾದದ್ದು ಬಹಳ ಆಮೇಲೆ. ವೈ ಎಂದರೆ ಮೀಟರ್ ಗೇಜ್, ಡಿ ಎಂದರೆ ಡೀಜಲ್, ಎಂ ಎಂದರೆ ಪ್ಯಾಸೆಂಜರೂ ಗೂಡ್ಸೂ ಎರಡನ್ನೂ ಎಳೆಯುವಂಥದ್ದು. ಮೊದಲ ಕಂತು ಬಂದದ್ದು ಅಮೆರಿಕದ ಆಲ್ಕೋ ಕಂಪನಿಯಿಂದ, 1960ರ ದಶಕದ ಆರಂಭದಲ್ಲಿ. 1968ರಿಂದ ವಾರಾಣಸಿಯ ಡೀಜಲ್ ಕಾರ್ಖಾನೆಯಲ್ಲೇ ಅವು ತಯಾರಾಗತೊಡಗಿದವು. ಆರು ಸಿಲಿಂಡರು, ಸುಮಾರು 1400 ಅಶ್ವಶಕ್ತಿ. ಮೀರಜದಲ್ಲಿ ನಾವು ಬಾಯಿಬಿಟ್ಟು ನೋಡುತ್ತಿದ್ದ ದೊಡ್ಡ ಗಾಡಿಯದು ಡಬ್ಲ್ಯುಡಿಎಂ-2, ಅದೇ ಆಲ್ಕೋ ವಂಶ, ಹದಿನಾರು ಸಿಲಿಂಡರು, 2600 ಅಶ್ವಶಕ್ತಿ. ಮೂಲ ಕಂಪನಿ 1969ರಲ್ಲಿ ಬಾಗಿಲು ಹಾಕಿತು. ಅಮೆರಿಕದಲ್ಲಿ ತೀರಿಕೊಂಡವರ ಮಕ್ಕಳು ವಾರಾಣಸಿಯಲ್ಲಿ ಹುಟ್ಟುತ್ತಲೇ ಇದ್ದರು ಎನ್ನಬೇಕು. ಆ ಕರೀ ಹೊಗೆಯ ಗುಟ್ಟೂ ಆಮೇಲೆ ತಿಳಿಯಿತು: ಡ್ರೈವರ್ ಹಿಡಿ ತಿರುಗಿಸಿದೊಡನೆ ಎಣ್ಣೆ ಹೆಚ್ಚು ಬರುತ್ತದೆ, ಗಾಳಿ ತುಂಬುವ ಟರ್ಬೋ ಅಷ್ಟು ಬೇಗ ವೇಗ ಹಿಡಿಯುವುದಿಲ್ಲ, ಅರೆಬೆಂದ ಎಣ್ಣೆ ಹೊಗೆಯಾಗಿ ಹೋಗುತ್ತದೆ. ಅಂದರೆ ನಾನು ಪ್ರಾಣ ಬಿಡುತ್ತಿದ್ದದ್ದು ಎಂಜಿನ್ನಿನ ಒಂದು ಕೊರತೆಗೆ.

ಇನ್ನು ಸಣ್ಣದಾದ ಆ ಮೋರೆಯ ವಿಷಯ. ಅದು ಗೊಂಬೆ ಮಾಡುವವನೊಬ್ಬನದು.

ಗೋಕಾಕ ಎಂದರೆ ಹೊರಗಿನವರಿಗೆ ಜಲಪಾತ, ಕರದಂಟು, ಬಹಳವಾದರೆ ಜಲಪಾತದ ದಂಡೆಯ ಹತ್ತಿ ಗಿರಣಿ. ನಮಗೆ ಅದು ಗೊಂಬೆಗಳ ಊರೂ ಹೌದು. ಜಿನಗಾರ ಮನೆತನಗಳು ಹಗುರ ಕಟ್ಟಿಗೆಯಲ್ಲಿ ಕೆತ್ತಿ, ಮೇಲೆ ಬಣ್ಣ ಕೊಟ್ಟು ಮಾಡುವ ಗೊಂಬೆಗಳು, ಹಣ್ಣು, ಕಾಯಿಪಲ್ಲೆ. ಬದನೆಕಾಯಿ ಕೈಗೆತ್ತಿಕೊಂಡು ನೋಡಿದ ಮೇಲೆಯೇ ಕಟ್ಟಿಗೆ ಎಂದು ತಿಳಿಯಬೇಕು. ನಮ್ಮ ಮನೆಯ ಶೋಕೇಸಿನಲ್ಲಿದ್ದ ಸೀತಾಫಲಕ್ಕೆ ಬೀಗರೊಬ್ಬರು ಕೈಹಾಕಿ ನಾಚಿಕೊಂಡದ್ದು ಮನೆಯಲ್ಲಿ ಇವತ್ತಿಗೂ ನಗುವ ಮಾತು.

ನಾನು ಅಷ್ಟರಲ್ಲಿ ಬೆಂಕಿಪೊಟ್ಟಣ, ಹತ್ತಿ ಗಿರಣಿಯ ನೂಲಿನ ಖಾಲಿ ಬಾಬಿನ್, ಸೋಡಾ ಬಾಟಲಿಯ ಮುಚ್ಚಳಗಳಿಂದ ಹತ್ತಾರು ಎಂಜಿನ್ ಮಾಡಿ ಕೆಡಿಸಿದ್ದೆ. ಬಾಬಿನ್ನಿನಿಂದ ಉಗಿ ಎಂಜಿನ್ನಿನ ಬಾಯ್ಲರ್ ಚೆನ್ನಾಗಿ ಬರುತ್ತಿತ್ತು, ಡೀಜಲ್ ಬರುತ್ತಿರಲಿಲ್ಲ. ಐದನೇ ಇಯತ್ತೆಯಲ್ಲಿ ಪಾಸಾದರೆ ಏನು ಬೇಕು ಎಂದು ಅಪ್ಪ ಕೇಳಿದಾಗ, ಗೋಕಾಕದ ಗೊಂಬೆಯವನ ಕೈಯಲ್ಲಿ ಕಟ್ಟಿಗೆಯ ಡೀಜಲ್ ಎಂಜಿನ್ ಎಂದೆ.

ಆತನ ಮನೆ ಇಕ್ಕಟ್ಟಿನ ಸಂದಿಯಲ್ಲಿತ್ತು. ಪಡಸಾಲೆಯ ತುಂಬ ಬಣ್ಣ ಕಾಣದ ಗೌರಿಯರು ಸಾಲಾಗಿ ನಿಂತಿದ್ದರು. ಆತ ನನ್ನನ್ನೇ ಕೇಳಿದ, ಅಪ್ಪನನ್ನಲ್ಲ. "ಹೆಂಗಿರತೈತಿ ಹೇಳಪಾ ಮರಿ, ನಾ ಡೀಜಲ್ ನೋಡಿಲ್ಲ. ಗೋಕಾಕಕ್ಕ ರೈಲ ಎಲ್ಲಿ ಬರತೈತಿ?" ನಿಜ, ಊರಿನ ಹೆಸರಿನ ಸ್ಟೇಶನ್ ಊರಿಂದ ದೂರ. ನಾನು ಕೈಬೀಸಿ ವರ್ಣಿಸಿದೆ: ಉದ್ದ ಮೂಗು, ಹಿಂದೆ ಗೂಡು, ಗೂಡಿಗೆ ಕಿಟಕಿ, ಮೇಲೆ ಹೊಗೆಗೂಡು. "ಗಾಲಿ ಎಷ್ಟು?" ಎಂದ. ಎಂಟು ಎಂದೆ. ಧೈರ್ಯವಾಗಿ, ಒಂದು ಕ್ಷಣವೂ ಯೋಚಿಸದೆ ಎಂದೆ. ಡಬ್ಬಿಗಳಿಗೆ ಎಂಟು ಗಾಲಿ ಇರುತ್ತವೆ, ಎಂಜಿನ್ನಿಗೂ ಅಷ್ಟೇ ಎಂದುಕೊಂಡಿದ್ದೆನೇನೋ. ಅಪ್ಪ ಐದು ರೂಪಾಯಿ ಮುಂಗಡ ಕೊಟ್ಟರು, ಹದಿನೈದು ದಿನ ವಾಯಿದೆ.

ಆ ಹದಿನೈದು ದಿನಗಳಲ್ಲಿ ನಾನು ಕಾಕಾನ ಜೊತೆ ಸ್ಟೇಶನ್ನಿಗೆ ಹೋಗಿ, ಕ್ರಾಸಿಂಗಿಗೆ ನಿಂತ ಗೂಡ್ಸಿನ ಎಂಜಿನ್ನಿನ ಬಗಲಿಗೆ ಕುಕ್ಕುರುಗಾಲಲ್ಲಿ ಕೂತು ಎಣಿಸಿದೆ. ಮುಂದೆ ಮೂರು, ಹಿಂದೆ ಮೂರು. ಆಚೆ ಬಾಜೂಕೂ ಅಷ್ಟೇ. ಹನ್ನೆರಡು. ಗೋಕಾಕಕ್ಕೆ ಹೇಳಿಕಳಿಸುವುದು ಕಷ್ಟವೇನಿರಲಿಲ್ಲ, ಅಪ್ಪನ ಆಫೀಸಿನವರು ದಿನಾ ಹೋಗಿ ಬರುತ್ತಿದ್ದರು. ಹೇಳಲಿಲ್ಲ. ಯಾಕೆ ಎಂದು ಕೇಳಿಕೊಂಡರೆ ಈಗಲೂ ಒಂದೇ ಉತ್ತರ: ಮೊದಲು ತಪ್ಪು ಹೇಳಿದೆ ಎಂದು ಒಪ್ಪಿಕೊಳ್ಳಬೇಕಾಗುತ್ತಿತ್ತು.

ವಾಯಿದೆಯ ದಿನ ಹೋದೆವು. ಆತ ಅದನ್ನು ಹಳೇ ಧೋತರದ ತುಂಡಿನಲ್ಲಿ ಸುತ್ತಿಟ್ಟಿದ್ದ. ಬಿಚ್ಚಿದ. ಇವತ್ತು ಕಣ್ಣುಮುಚ್ಚಿದರೆ ಎಷ್ಟು ಚೆಂದ ಕಾಣುತ್ತದೆ! ಕುಂಕುಮದ ಕೆಂಪು, ಮೂಗಿನ ಉದ್ದಕ್ಕೂ ಹಸಿರು ಬಳ್ಳಿ, ಬಳ್ಳಿಯ ತುದಿಗೆ ಒಂದು ಗಿಳಿ. ಡ್ರೈವರನ ಕಿಟಕಿಯಲ್ಲಿ ಕಡಲೆಗಾತ್ರದ ತಲೆ, ತಲೆಗೆ ಪಟಕ. ಕೆಳಗೆ ಎಂಟು ಗಾಲಿ, ಪ್ರತಿ ಗಾಲಿಯ ನಡುವೆ ಹಳದಿ ಚುಕ್ಕೆ. ನಾನು ನೋಡಿದ್ದು ಗಾಲಿ ಮಾತ್ರ. "ಇದು ತಪ್ಪ ಐತಿ. ಹನ್ನೆರಡ ಇರಬೇಕು. ಇದು ಡೀಜಲ್ ಅಲ್ಲ," ಎಂದೆ. ಆತ ಒಮ್ಮೆ ನನ್ನ ಮುಖ ನೋಡಿದ. ನೀನೇ ಎಂಟು ಅಂದಿ ಎನ್ನಬಹುದಿತ್ತು, ಅನ್ನಲಿಲ್ಲ. ಅಪ್ಪನ ಮುಂದೆ ಹುಡುಗನನ್ನು ಸುಳ್ಳನನ್ನಾಗಿ ಮಾಡುವುದು ಬೇಡವೆಂದನೋ, ಗಿರಾಕಿಯ ಜೊತೆ ವಾದ ಬೇಡವೆಂದನೋ. ನಾನು ಅಳುವುದಕ್ಕೆ ಶುರುಮಾಡಿದ್ದೆ. ಅಪ್ಪ ರೇಗಿ, "ಮುಂಗಡ ನಿಮಗ ಇರಲಿ, ಗೊಂಬಿ ಬ್ಯಾಡ," ಎಂದು ಎದ್ದರು. ಆತ ಎಂಜಿನ್ನನ್ನು ಎತ್ತಿ ಮಾವಿನಹಣ್ಣು, ಬಾಳೆಹಣ್ಣುಗಳ ನಡುವೆ ಹಲಗೆಯ ಮೇಲೆ ಇಟ್ಟ. ಬಜಾರಿಗೆ ಬಂದ ಮೇಲೆ ನನ್ನನ್ನು ಸುಮ್ಮನಿರಿಸಲು ಕರದಂಟು ಕೊಡಿಸಿದರು. ನಾನು ಅದನ್ನು ಬಸ್ಸಿನಲ್ಲಿ ಪೂರಾ ತಿಂದೆ.

ನೌಕರಿ ನನ್ನನ್ನು ಪುಣೆಗೆ ಒಯ್ದಿತು. ಕೊಥ್ರೂಡಿನಲ್ಲಿ ಭಾವು ಜೋಶಿಯವರು 1998ರಲ್ಲಿ ತೆರೆದ ಪುಟ್ಟ ರೈಲುಗಳ ಮ್ಯೂಸಿಯಂ ಇದೆ. ಮೊದಲ ಸಲ ಅಲ್ಲಿ ಕಾಲಿಟ್ಟ ಸಂಜೆಯಿಂದ ನನ್ನ ಪಗಾರದ ಒಂದು ಪಾಲು ಗೇಣುದ್ದದ ರೈಲುಗಳಿಗೆ ಹೋಗತೊಡಗಿತು. ಈ ಹುಚ್ಚಿನಲ್ಲಿ ಎಲ್ಲದಕ್ಕೂ ಲೆಕ್ಕ. ಹೆಚ್‌ಓ ಎಂಬ ಅಳತೆಯಲ್ಲಿ ಒಂದು ಅಡಿಗೆ ಮೂರೂವರೆ ಮಿಲಿಮೀಟರ್, ಅಂದರೆ 87ರಲ್ಲಿ ಒಂದು ಪಾಲು. ನಮ್ಮ ಬ್ರಾಡ್ ಗೇಜಿನ 1676 ಮಿಲಿಮೀಟರ್ ಆ ಲೆಕ್ಕದಲ್ಲಿ ಹತ್ತೊಂಬತ್ತಕ್ಕೂ ಮೇಲಾಗಬೇಕು. ಆದರೆ ಪೇಟೆಯಲ್ಲಿ ಸಿಗುವ ಹಳಿ ಹದಿನಾರೂವರೆಯದು, ಯುರೋಪು ಅಮೆರಿಕದ ಗೇಜಿಗೆ ಮಾಡಿದ್ದು. ಹಾಗಾಗಿ ನಮ್ಮವರ ಡಬ್ಲ್ಯುಡಿಎಂ-2 ಯಾವಾಗಲೂ ಕಾಲು ಕೂಡಿಸಿಕೊಂಡು ನಿಂತಂತೆ ಕಾಣುತ್ತದೆ. ತಮಾಷೆ ಎಂದರೆ ನಮ್ಮ ಬಡ ಮೀಟರ್ ಗೇಜಿಗೆ ಈ ಕಷ್ಟವಿಲ್ಲ. ಸ್ವಿಟ್ಜರ್ಲೆಂಡಿನ ಬೆಟ್ಟದ ರೈಲುಗಳೂ ಮೀಟರ್ ಗೇಜಿನವೇ, ಅವುಗಳಿಗೆಂದು ಮಾಡಿದ 12 ಮಿಲಿಮೀಟರಿನ ಹಳಿ ಸಿಗುತ್ತದೆ. ಹೀಗೆ ನಮ್ಮ ಘಟಪ್ರಭಾ ಸ್ಟೇಶನ್ನು ನನ್ನ ಅಟ್ಟದ ಮೇಲೆ ಆಲ್ಪ್ಸಿನ ಹಳಿಯ ಮೇಲೆ ಕೂತಿದೆ.

ಬೆಳಗಾವಿಗೆ ವಾಪಸು ಬಂದ ಮೇಲೆ ನಾಲ್ಕೈದು ಜನ ಸಮಾನ ಹುಚ್ಚರು ಸಿಕ್ಕರು. ತಿಂಗಳಿಗೊಂದು ರವಿವಾರ ಕೂಡುತ್ತೇವೆ. ಒಬ್ಬರು ಹಲ್ಲಿನ ವೈದ್ಯರು, ಹಲ್ಲು ಕೊರೆಯುವ ಹಳೇ ಸೂಜಿಗಳಿಂದ ಪ್ಲಾಸ್ಟಿಕ್ಕಿಗೆ ಕಿಟಕಿ ಕೊರೆಯುತ್ತಾರೆ. ಒಬ್ಬರು ಬ್ಯಾಂಕಿನವರು, ಡಬ್ಲ್ಯುಡಿಎಂ-2ರ ಬೋಗಿಯಲ್ಲಿ ಮೂರು ಅಚ್ಚುಗಳ ನಡುವಿನ ಅಂತರ ಸಮವಾಗಿಲ್ಲ ಎಂಬುದನ್ನು ಯಾರ ಮಾದರಿಯಲ್ಲಿ ಮರೆತಿದ್ದರೂ ಹಿಡಿದು ಮಾನ ಕಳೆಯುತ್ತಾರೆ. ಇನ್ನೊಬ್ಬರು ನಿವೃತ್ತ ಲೋಕೋ ಪೈಲಟ್. ನಾವು ಆಲ್ಕೋದ ಸದ್ದನ್ನು ಸಂಗೀತ ಎಂದು ಹೊಗಳುವಾಗ ಅವರು ತಲೆಯನ್ನು ಸ್ವಲ್ಪ ಎಡಕ್ಕೆ ವಾಲಿಸುತ್ತಾರೆ, ಬಲಗಿವಿ ಕೇಳುವುದಿಲ್ಲ. "ಎಂಟನೇ ನಾಚಿನ್ಯಾಗ ತಾಸಗಟ್ಲೆ ಕುಂತ ನೋಡ್ರಿ, ಸಂಗೀತ ಗೊತ್ತಾಗತೈತಿ," ಎನ್ನುತ್ತಾರೆ. ಆದರೂ ಒತ್ತಾಯ ಮಾಡಿದರೆ ಬಾಯಲ್ಲೇ ಒಂದನೇ ನಾಚಿನಿಂದ, ಅಂದರೆ ಡ್ರೈವರನ ಹಿಡಿಯ ಮೊದಲ ಮೆಟ್ಟಿಲಿನಿಂದ, ಎಂಟರ ತನಕ ಏರಿಸಿ ತೋರಿಸುತ್ತಾರೆ. ಆಮೇಲೆ ಬಂದ, ಹುಬ್ಬಳ್ಳಿ ಶೆಡ್ಡಿನ 4000 ಅಶ್ವಶಕ್ತಿಯ ಇಎಂಡಿ ಎಂಜಿನ್ನುಗಳ ಸಿಳ್ಳಿನಂಥ ಸದ್ದನ್ನೂ ಮಾಡುತ್ತಾರೆ. ಅದು ಆರಾಮದ ಎಂಜಿನ್ನು ಎಂಬುದು ಅವರ ಅಭಿಪ್ರಾಯ, ನಾವು ಯಾರೂ ಅದರ ಮಾದರಿ ಮಾಡಿಲ್ಲ.

ನನ್ನ ವೈಡಿಎಂ-4 ಬಣ್ಣವಿಲ್ಲದೆ ಮೂರು ವರ್ಷದಿಂದ ನಿಂತಿದೆ. ಯಾವ ಬಣ್ಣ ಎಂದು ಬ್ಯಾಂಕಿನವರು ಕೇಳಿದಾಗ ಕೆಂಪು ಎಂದೆ. ಪುರಾವೆ ಎಂದರು. ಸೋದರಮಾವನ ಮದುವೆಯ ದಿಬ್ಬಣ ಘಟಪ್ರಭಾ ಸ್ಟೇಶನ್ನಿನಲ್ಲಿ ಇಳಿದಾಗಿನ ಫೋಟೋ ಒಂದಿದೆ, ಹಿಂದೆ ಅರ್ಧ ಎಂಜಿನ್ ಕಾಣುತ್ತದೆ. ಕಪ್ಪುಬಿಳುಪು. ಶೆಡ್ಡಿಗೊಂದು ಬಣ್ಣ ಇರುತ್ತಿದ್ದ ಕಾಲ ಅದು. ಕೆಂಪು ಎಂಬುದು ನನಗೆ ಎಲ್ಲಿಂದ ಬಂತು ಎಂದು ಹುಬ್ಬಳ್ಳಿಯಲ್ಲಿ ಆ ಹುಡುಗ ಗಾಲಿ ಎಣಿಸುವಾಗ ಥಟ್ಟನೆ ಹೊಳೆಯಿತು. ಎಂಜಿನ್ನಿನ ಕೆಂಪಲ್ಲ ಅದು, ಗೊಂಬೆಯ ಕೆಂಪು. ತಪ್ಪು ಎಂದು ನಾನು ಬಿಟ್ಟು ಬಂದ ವಸ್ತುವೇ ನಲವತ್ತು ವರ್ಷ ನನ್ನ ತಲೆಯೊಳಗೆ ನಿಜವಾದ ಎಂಜಿನ್ನಿಗೆ ಬಣ್ಣ ಹಚ್ಚುತ್ತ ಕೂತಿತ್ತು.

ಮರುವಾರ ಧುಪದಾಳಕ್ಕೆ ಹೋದೆ. 90ರ ದಶಕದಲ್ಲಿ ಮೀಟರ್ ಗೇಜ್ ಕಿತ್ತು ಬ್ರಾಡ್ ಗೇಜ್ ಹಾಕಿದ್ದರು, ಈಗ ಜೋಡಿ ಹಳಿ, ಮೇಲೆ ವಿದ್ಯುತ್ ತಂತಿ. 2024ರ ಸೆಪ್ಟೆಂಬರಿನಿಂದ ಹುಬ್ಬಳ್ಳಿ-ಪುಣೆ ವಂದೇ ಭಾರತ್ ಇದೇ ದಾರಿಯಲ್ಲಿ ಓಡುತ್ತದೆ. ವಾರಾಣಸಿಯ ಡೀಜಲ್ ಕಾರ್ಖಾನೆಯ ಹೆಸರಿನಿಂದಲೇ 2020ರಲ್ಲಿ ಡೀಜಲ್ ಎಂಬ ಮಾತು ಹೋಯಿತು, ಈಗ ಅದು ಬನಾರಸ್ ಲೋಕೋಮೋಟಿವ್ ವರ್ಕ್ಸ್. ಪಾಯಿಂಟ್ಸಮನ್ ಕಾಕಾ ಇನ್ನೂ ಗಟ್ಟಿಯಾಗಿದ್ದಾನೆ, ಎಂಬತ್ತರ ಮೇಲೆ ವಯಸ್ಸು. ಅಂಗಳದ ಹೊರಸಿನ ಮೇಲೆ ಕೂತು ಚಹಾ ಕುಡಿಯುತ್ತ ಕೇಳಿದೆ, ಉಗಿ, ಡೀಜಲ್, ಕರೆಂಟು, ಇಷ್ಟರಲ್ಲಿ ನಿನಗೆ ಯಾವುದು ಚೆಂದ?

"ವ್ಯಾಳ್ಯಾಕ್ ಬರೂದು," ಎಂದ.

ಟೋಕನ್ ಬಳೆಯ ಬಗ್ಗೆ ಮಾತು ತೆಗೆದೆ, ಆ ಸರ್ಕಸ್ಸಿನ ಹಾಗಿನ ಚಳಕ. ಅವನು ಅಂಗಿಯ ತೋಳು ಮಡಚಿ ಮೊಣಕೈ ತೋರಿಸಿದ. ಓಡುವ ಗಾಡಿಯಿಂದ ಎಸೆದ ಬಳೆ ಒಂದು ರಾತ್ರಿ ಮಳೆಯಲ್ಲಿ ಬಡಿದು ಎಲುಬು ಬಿರುಕುಬಿಟ್ಟಿತ್ತಂತೆ. ಆ ಕೈಯನ್ನೇ ಹಿಡಿದುಕೊಂಡು ನಾನು ಎಷ್ಟೋ ಸಲ ಹಳಿ ದಾಟಿದ್ದೇನೆ, ಒಮ್ಮೆಯೂ ಕಂಡಿರಲಿಲ್ಲ. ಅವನ ಹೆಂಡತಿ ಒಳಗಿನಿಂದಲೇ ಕೂಗಿದಳು: ಸ್ಟೇಶನ್ ಕ್ವಾರ್ಟರ್ಸಿನಲ್ಲಿದ್ದ ಎರಡು ವರ್ಷ ಅವಳು ಮಾಳಿಗೆಯ ಮೇಲೆ ಶಾವಿಗೆ ಒಣಹಾಕುವಂತಿರಲಿಲ್ಲ, ಗಾಡಿ ಹೊರಟರೆ ಎಲ್ಲ ಕರಿ. "ನಿಮ್ಮ ಡೀಜಲ್ಲಿಗೆ ಬೆಂಕಿ ಹಚ್ಚ," ಎಂದಳು, ನಗುತ್ತಲೇ.

ಅಲ್ಲಿಂದ ಗೋಕಾಕಕ್ಕೆ ಹೋದೆ. ಹಳೇ ಸಂದಿ ಸಿಗಲಿಲ್ಲ, ಸಿಕ್ಕಿದ್ದರೂ ಗುರುತಾಗುತ್ತಿತ್ತೋ ಇಲ್ಲವೋ. ವಿಚಾರಿಸಿ ಒಂದು ಮನೆಗೆ ಹೋದೆ, ಇಪ್ಪತ್ತೈದರ ಒಬ್ಬ ಹುಡುಗ ಮರಳುಕಾಗದದಿಂದ ಪೇರಲಹಣ್ಣು ತಿಕ್ಕುತ್ತಿದ್ದ. ಯಾರ ಮೊಮ್ಮಗ ಎಂದು ನಾನು ಕೇಳಲಿಲ್ಲ. ಕೇಳಿದ್ದರೂ ನನಗೆ ಆ ಮನುಷ್ಯನ ಹೆಸರೇ ಗೊತ್ತಿಲ್ಲವಲ್ಲ. ಒಂದು ಡೀಜಲ್ ಎಂಜಿನ್ ಮಾಡಿಕೊಡಬೇಕು ಎಂದೆ, ಕಟ್ಟಿಗೆಯದು. ಮೊಬೈಲಿನಲ್ಲಿ ಮಾವನ ಮದುವೆಯ ಫೋಟೋ ತೋರಿಸಿದೆ. ಅವನು ಎರಡು ಬೆರಳಿನಿಂದ ಹಿಗ್ಗಿಸಿ, ಮದುಮಗನ ಬಾಸಿಂಗ ದಾಟಿ, ಹಿಂದಿನ ಅರ್ಧ ಎಂಜಿನ್ನಿಗೆ ಬಂದ.

"ಗಾಲಿ ತಿರಗಬೇಕೋ, ಬರೇ ನಿಂದರಬೇಕೋ? ತಿರಗೂದಾದ್ರ ರೊಕ್ಕ ಜಾಸ್ತಿ ಆಕ್ಕೈತ್ರಿ."

ತಿರುಗಲಿ ಎಂದೆ. ಅವನು ಮೇಜಿನ ಖಾನೆಯಿಂದ ಒಂದು ಚೀಟಿ, ಪೆನ್ನು ತೆಗೆದು ನನ್ನ ಮುಂದೆ ಸರಿಸಿದ.

"ಎಲ್ಲಾ ನೀವ ಬರದ ಕೊಡ್ರಿ. ಗಾಲಿ ಎಷ್ಟು, ಉದ್ದ ಎಷ್ಟು, ಬಣ್ಣ ಯಾವದು. ಮಂದಿ ಬಾಯಾಗ ಒಂದ ಹೇಳತಾರ, ಆಮ್ಯಾಲ ಹಿಂಗಲ್ಲ ಹಂಗ ಅಂತಾರ. ನಮ್ಮ ಮುತ್ಯಾನ ಕಾಲದಿಂದ ಇದ ರಗಳಿ."

ಗಾಲಿ 12 ಎಂದು ಬರೆದೆ. ಉದ್ದ ಒಂದು ಗೇಣು. ಬಣ್ಣದ ಮುಂದೆ ಪೆನ್ನು ಹಿಡಿದುಕೊಂಡು ಸ್ವಲ್ಪ ಹೊತ್ತು ಕೂತೆ. ಅವನು ಮತ್ತೆ ಪೇರಲ ತಿಕ್ಕಲು ಶುರುಮಾಡಿದ್ದ.